ಹೊಳೆ ಮತ್ತು ಜೀವಜಾಲ: ಭೀಮೆ, ಕೃಷ್ಣೆ, ಡೋಣಿಯ ಸೀಮೆಯಲ್ಲಿ

ಮಳೆಯ ನೀರು, ನೆಲದೊಳಗಿಂದ ಜಿನುಗುವ ನೀರು ತಗ್ಗು ಹಿಡಿದು ಹರಿದು, ಹಳ್ಳಕೊಳ್ಳಗಳನ್ನು ಕೂಡಿಸಿಕೊಂಡು ಇನ್ನೊಂದು ಹೊಳೆಗೋ ಕಡಲಿಗೋ ಸೇರುವ ಹರಿವಿಗೆ ನದಿ ಎಂದು ಹೆಸರು. ವಿಜಯಪುರ ಜಿಲ್ಲೆಯವರ ಬಾಯಲ್ಲಿ ಅದು ‘ಹೊಳಿ’. ಈ ಹೊಳಿಯಲ್ಲಿ ನೀರು ಒಂದು ಪಾಲು ಮಾತ್ರ. ಅದರ ಮರಳು, ಮೆಕ್ಕಲು, ಮಡು, ದಂಡೆಯ ಗಿಡಗಂಟಿ, ಮಳೆಗಾಲದ ಮಹಾಪೂರ, ಬೇಸಿಗೆಯ ಸಣ್ಣ ಹರಿವು ಎಲ್ಲ ಕೂಡಿದರೆ ಹೊಳಿ. ಇವುಗಳಲ್ಲಿ ಯಾವುದನ್ನು ಕಿತ್ತರೂ ಅದನ್ನು ನಂಬಿದ ಜೀವಗಳಿಗೆ ಪೆಟ್ಟು ಬೀಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಇದನ್ನು ಯಾರೂ ಪುಸ್ತಕ ಓದಿ ತಿಳಿಯಬೇಕಿಲ್ಲ. ದಂಡೆಗೆ ಹೋಗಿ ನಿಂತರೆ ಸಾಕು.

ಜಗತ್ತಿನ ಲೆಕ್ಕದಲ್ಲಿ ನದಿಯ ನೀರು ತೀರ ಅಲ್ಪ. ಭೂಮಿಯ ಮೇಲಿರುವ ಪ್ರತಿ ಹತ್ತು ಲಕ್ಷ ಲೀಟರ್ ನೀರಿನಲ್ಲಿ ಎಲ್ಲ ನದಿಗಳ ಪಾಲು ಸುಮಾರು 2 ಲೀಟರ್. ನದಿ, ಕೆರೆ, ಜೌಗುಗಳು ಭೂಮಿಯ ಮೇಲ್ಮೈಯಲ್ಲಿ ಶೇ 1ರಷ್ಟನ್ನೂ ಆವರಿಸಿಲ್ಲ. ಆದರೂ ಗೊತ್ತಿರುವ ಪ್ರಾಣಿ ಪ್ರಭೇದಗಳಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು, ಮೀನುಗಳಲ್ಲಿ ಸುಮಾರು ಅರ್ಧ ಈ ಸಿಹಿನೀರಿನಲ್ಲೇ ಬದುಕುತ್ತವೆ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಇಷ್ಟೊಂದು ಜೀವಗಳು ಇರುವುದರಿಂದಲೇ ಹಾನಿಯೂ ಬೇಗ ಆಗುತ್ತದೆ. 2024ರ ‘ಲಿವಿಂಗ್ ಪ್ಲಾನೆಟ್’ ವರದಿಯ ಪ್ರಕಾರ, ಗಮನದಲ್ಲಿಟ್ಟ ಸಿಹಿನೀರಿನ ಕಶೇರುಕಗಳ ಸಂಖ್ಯೆ 1970ರಿಂದ 2020ರ ನಡುವೆ ಸರಾಸರಿ ಶೇ 85ರಷ್ಟು ಇಳಿದಿದೆ. ನೆಲದ ಮೇಲಾಗಲಿ ಕಡಲಿನಲ್ಲಾಗಲಿ ಇಷ್ಟು ಇಳಿಕೆ ಕಂಡಿಲ್ಲ.

ಮೂರು ಹೊಳೆಗಳು

ವಿಜಯಪುರ ಜಿಲ್ಲೆಗೆ ಉತ್ತರದ ಗಡಿ ಭೀಮೆ, ದಕ್ಷಿಣದ ಗಡಿ ಕೃಷ್ಣೆ. ಎರಡರ ನಡುವಿನ ಎರೆಭೂಮಿಯಲ್ಲಿ ಡೋಣಿ ಹರಿಯುತ್ತದೆ.

ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದ ಬೆಟ್ಟಗಳಲ್ಲಿ. ಒಟ್ಟು ಹರಿವು 861 ಕಿ.ಮೀ. ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಸೊಲ್ಲಾಪುರ ಜಿಲ್ಲೆಯ ಹತ್ತರಸಂಗ ಕೂಡಲದ ಬಳಿ ಸೀನಾ ನದಿಯನ್ನು ಕೂಡಿಸಿಕೊಂಡು ಬರುತ್ತದೆ. ಚಡಚಣ, ಇಂಡಿ, ಆಲಮೇಲದ ಊರುಗಳನ್ನು ಬಲದಂಡೆಗೆ ಬಿಟ್ಟು, ದೇವಲ ಗಾಣಗಾಪುರದಲ್ಲಿ ಅಮರ್ಜೆಯನ್ನು ಸೇರಿಸಿಕೊಂಡು, ರಾಯಚೂರು ಜಿಲ್ಲೆಯ ಕಾಡ್ಲೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ಆಲಮೇಲ ಮತ್ತು ದೇವರ ಹಿಪ್ಪರಗಿ ಪ್ರತ್ಯೇಕ ತಾಲೂಕುಗಳಾಗುವ ಮೊದಲು ಸಿಂದಗಿ ತಾಲೂಕಿನ ಉತ್ತರದ ಅಂಚು ಈ ಹೊಳೆಯೇ ಆಗಿತ್ತು.

ಕೃಷ್ಣೆಯದು ಇನ್ನೂ ದೊಡ್ಡ ಹರವು. ಮಹಾಬಳೇಶ್ವರದಿಂದ ಬಂಗಾಳ ಕೊಲ್ಲಿಯವರೆಗೆ ಸುಮಾರು 1,400 ಕಿ.ಮೀ. ಆಲಮಟ್ಟಿಯ ಹತ್ತಿರ ಘಟಪ್ರಭೆ, ಕೂಡಲಸಂಗಮದಲ್ಲಿ ಮಲಪ್ರಭೆ ಇದನ್ನು ಕೂಡುತ್ತವೆ. ಡೋಣಿ ಸಣ್ಣದು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಹುಟ್ಟಿ, ವಿಜಯಪುರದ ಎರೆಯ ನಡುವೆ ಹಾದು, ತಾಳಿಕೋಟೆಯನ್ನು ದಾಟಿ ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತದೆ.

ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ. ವಿಜಯಪುರದಲ್ಲಿ ಸುಮಾರು 600 ಮಿ.ಮೀ. ಸಹ್ಯಾದ್ರಿಯ ಮಳೆಯನ್ನು ಮಳೆಯಿಲ್ಲದ ಸೀಮೆಗೆ ಹೊತ್ತು ತರುವ ಕೆಲಸವನ್ನು ಈ ಹೊಳೆಗಳು ಮಾಡುತ್ತವೆ. ಆದ್ದರಿಂದಲೇ ಇಂಡಿಯಲ್ಲಿ ಮೋಡ ಕಾಣದ ದಿನವೂ ಭೀಮೆ ಉಕ್ಕಿ ಹರಿಯುವುದುಂಟು.

ಮರಳಿನೊಳಗಿನ ನೀರು

ಏಪ್ರಿಲ್ ತಿಂಗಳಲ್ಲಿ ಭೀಮೆಯ ಪಾತ್ರ ಒಣಗಿದಾಗ ದಂಡೆಯ ಊರಿನ ಹೆಣ್ಣುಮಕ್ಕಳು ಕೊಡ ಹಿಡಿದು ಮರಳಿಗೆ ಇಳಿಯುತ್ತಾರೆ. ಮೊಳಕೈಯುದ್ದ ಮರಳು ತೋಡಿ ಗುಂಡಿ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಗುಂಡಿಯ ತಳ ತೇವವಾಗುತ್ತದೆ. ಬದಿಯಿಂದ ಸಣ್ಣಗೆ ನೀರು ಜಿನುಗಿ ಅಂಗೈ ಮುಳುಗುವಷ್ಟು ನಿಲ್ಲುತ್ತದೆ. ಮೊದಲ ರಾಡಿ ನೀರನ್ನು ಹೊರಗೆ ಚೆಲ್ಲಿ, ಮತ್ತೆ ತಿಳಿಯಾಗಿ ಬಂದದ್ದನ್ನು ಬಟ್ಟಲಿನಿಂದ ತುಂಬಿ ಕೊಡಕ್ಕೆ ಸುರಿಯುತ್ತಾರೆ. ಇದು ವರತಿ ನೀರು. ಕೊಡ ತುಂಬಲು ಅರ್ಧ ತಾಸು ಹಿಡಿಯಬಹುದು, ಆದರೆ ನೀರು ತಂಪು, ತಿಳಿ.

ಇದರ ಹಿಂದಿನ ಕ್ರಿಯೆ ಸರಳ. ಮರಳಿನ ಕಣಗಳ ನಡುವೆ ಸುಮಾರು ಮೂರರಲ್ಲೊಂದು ಪಾಲು ಖಾಲಿ ಜಾಗ ಇರುತ್ತದೆ. ಹೊಳೆ ತುಂಬಿ ಹರಿಯುವಾಗ ಆ ಜಾಗದಲ್ಲೆಲ್ಲ ನೀರು ಸೇರುತ್ತದೆ. ಮೇಲಿನ ಹರಿವು ನಿಂತ ಮೇಲೂ ಮರಳಿನೊಳಗಿನ ನೀರು ನಿಧಾನವಾಗಿ ಕೆಳಕ್ಕೆ ಸಾಗುತ್ತಲೇ ಇರುತ್ತದೆ. ಬಿಸಿಲು ತಾಗದ್ದರಿಂದ ಆವಿಯಾಗುವುದೂ ಕಡಿಮೆ. ಸಾಗುವಾಗ ಮರಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಕೊಳೆಯನ್ನು ತಿಂದು ಅದನ್ನು ಸೋಸುತ್ತವೆ. ದಂಡೆಯ ಬಾವಿ, ಕೊಳವೆಬಾವಿಗಳಿಗೆ ನೀರು ಹೋಗುವುದೂ ಈ ಮರಳಿನಿಂದಲೇ. ಹೊಳೆಯ ಮರಳು ಹೀಗೆ ಖರ್ಚಿಲ್ಲದ ಕೆರೆ, ಖರ್ಚಿಲ್ಲದ ಶುದ್ಧೀಕರಣ ಘಟಕ.

ಯಾರ‍್ಯಾರ ಮನೆ

ಕಲ್ಲಿನ ಮೇಲೆ ಹಸಿರಾಗಿ ಅಂಟಿದ ಪಾಚಿಯನ್ನು ಹುಳುಗಳು ಮೇಯುತ್ತವೆ. ಆ ಹುಳುಗಳನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಮಿಂಚುಳ್ಳಿ, ನೀರುಕಾಗೆ, ಮೊಸಳೆ ಹಿಡಿಯುತ್ತವೆ. ಸತ್ತದ್ದನ್ನು ಆಮೆ, ಸಿಗಡಿ, ಏಡಿಗಳು ತಿಂದು ಹೊಳೆಯನ್ನು ಚೊಕ್ಕ ಮಾಡುತ್ತವೆ. ಈ ಸರಪಳಿ ನಡೆಯಬೇಕಾದರೆ ಹೊಳೆಯಲ್ಲಿ ಒಂದೇ ಬಗೆಯ ಜಾಗ ಇದ್ದರೆ ಸಾಲದು. ಮೀನಿನ ಮರಿಗೆ ದಂಡೆಯ ತಿಳಿನೀರು ಬೇಕು, ದೊಡ್ಡ ಮೀನಿಗೆ ಬೇಸಿಗೆ ಕಳೆಯಲು ಆಳದ ಮಡು ಬೇಕು, ಹುಳುಗಳಿಗೆ ಕಲ್ಲಿನ ಮೇಲೆ ಸದ್ದು ಮಾಡಿ ಹರಿಯುವ ನೀರು ಬೇಕು.

ಮರಳದಿನ್ನೆ ಎಷ್ಟೋ ಜೀವಗಳಿಗೆ ಹೆರಿಗೆ ಮನೆ. ಕೃಷ್ಣೆಯಲ್ಲೂ ಭೀಮೆಯಲ್ಲೂ ಕಾಣುವ ಮೊಸಳೆ ಬೇಸಿಗೆಯ ಮೊದಲಲ್ಲಿ ದಂಡೆಯ ಮರಳು-ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಮುಂಗಾರಿನ ಹೊತ್ತಿಗೆ ಮರಿಗಳು ಹೊರಬರುತ್ತವೆ. ನದಿ ರೀವ ಹಕ್ಕಿ ನಡುಗಡ್ಡೆಯ ಬರಿ ಮರಳಿನ ಮೇಲೆಯೇ ಮೊಟ್ಟೆ ಇಡುತ್ತದೆ, ಗೂಡೇ ಕಟ್ಟುವುದಿಲ್ಲ. ಭಾರತದ ಪರ್ಯಾಯ ದ್ವೀಪದ ನದಿಗಳಲ್ಲಷ್ಟೇ ಇರುವ ಲೀತ್ ಮೃದುಚಿಪ್ಪಿನ ಆಮೆ ಇಂದು ಅಳಿವಿನ ಅಂಚಿಗೆ ಬಂದು ನಿಂತ ಪ್ರಾಣಿಗಳ ಪಟ್ಟಿಯಲ್ಲಿದೆ.

ಮುಂಗಾರಿನ ಹೊಸನೀರು ಬಂದಾಗ ಹಲವು ಜಾತಿಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲೇರಿ, ನೀರು ಹೊಕ್ಕ ಹುಲ್ಲುಗಾವಲು, ಹಳ್ಳದ ಬಾಯಿಗಳಲ್ಲಿ ಮೊಟ್ಟೆ ಹಾಕುತ್ತವೆ. ಮಹಾಪೂರ ಮನುಷ್ಯನಿಗೆ ಆಪತ್ತಾದರೆ ಮೀನಿಗೆ ಅದೇ ಮದುವೆಯ ಕಾಲ. ಆ ದಾರಿಗೆ ಅಡ್ಡ ಕಟ್ಟಿದ ಬ್ಯಾರೇಜಿನ ಗೇಟು ಮುಚ್ಚಿದ್ದರೆ ಅವು ಅಲ್ಲೇ ತಡೆದು ನಿಲ್ಲುತ್ತವೆ. ಹೊರಗಿನಿಂದ ತಂದುಬಿಟ್ಟ ಜಿಲೇಬಿ ಮೀನು ನಿಂತ ನೀರಿನಲ್ಲಿ ಬೇಗ ಹೆಚ್ಚಿ, ಹರಿಯುವ ನೀರನ್ನು ನೆಚ್ಚಿದ ನಾಡಮೀನುಗಳನ್ನು ಮೂಲೆಗೆ ತಳ್ಳುತ್ತದೆ.

ದೂರದೇಶದ ಅತಿಥಿಗಳೂ ಇಲ್ಲಿಗೆ ಬರುತ್ತವೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಇಳಿದು ಕೆಸರು ತೆರೆದುಕೊಂಡಾಗ ರಾಜಹಂಸಗಳು ಆ ತೆಳುನೀರಿನಲ್ಲಿ ಕೊಕ್ಕು ತಲೆಕೆಳಗು ಮಾಡಿ ಕೆಸರಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತವೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಈ ಸೀಮೆಯ ನೀರಿನಲ್ಲಿ ಕಳೆಯುತ್ತವೆ.

ಮೆಕ್ಕಲು, ಜೋಳ, ಮನುಷ್ಯ

ಡೋಣಿಯ ನೀರು ಉಪ್ಪು, ಕುಡಿಯಲು ಬಾರದು. ಆದರೂ ಜಿಲ್ಲೆಯ ಒಕ್ಕಲಿಗರು ಡೋಣಿಯನ್ನು ಹೊಗಳುವಷ್ಟು ಬೇರೆ ಹೊಳೆಯನ್ನು ಹೊಗಳುವುದಿಲ್ಲ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಅರ್ಥದ ಗಾದೆ ಇಲ್ಲಿ ಎಲ್ಲರ ನಾಲಿಗೆಯ ಮೇಲಿದೆ. ಮಳೆಗಾಲದಲ್ಲಿ ಡೋಣಿ ದಂಡೆ ಮೀರಿ ಹೊಲಗಳ ಮೇಲೆ ಹರಡಿ ಹೊಸ ಮೆಕ್ಕಲು ಹಾಸಿ ಹೋಗುತ್ತದೆ. ಆ ಎರೆ ಹಿಡಿದಿಟ್ಟುಕೊಂಡ ಹಸಿಯ ಮೇಲೆ ಹಿಂಗಾರಿ ಬಿಳಿಜೋಳ ಬಿತ್ತಿದರೆ ಮುಂದೆ ಮಳೆ ಬಾರದಿದ್ದರೂ, ಆ ಹಸಿಯಲ್ಲೇ ತೆನೆ ಕಟ್ಟುತ್ತದೆ. ಕಾಲುವೆ ಬರುವ ಮೊದಲೇ ಈ ಸೀಮೆಗೆ ರೊಟ್ಟಿ ಕೊಟ್ಟ ನೀರಾವರಿ ಇದು. ಈಗ ಡೋಣಿಯ ಪಾತ್ರದಲ್ಲೇ ಹೂಳು ತುಂಬಿ, ಮುಳ್ಳುಕಂಟಿ ಬೆಳೆದು, ನೀರು ಹರಿಯಬೇಕಾದ ದಾರಿ ಕಿರಿದಾಗಿದೆ. ಮೆಕ್ಕಲು ಹಾಸಿ ಇಳಿದುಹೋಗುತ್ತಿದ್ದ ನೀರು ದಿನಗಟ್ಟಲೆ ಹೊಲದಲ್ಲೇ ನಿಂತು ಬೆಳೆ ಕೊಳೆಸುತ್ತದೆ. ತಾಳಿಕೋಟೆಯ ಕಡೆ ತಗ್ಗಿನ ಸೇತುವೆ ಮುಳುಗಿ ಸಂಪರ್ಕ ಕಡಿಯುವುದು ಮಳೆಗಾಲದ ರೂಢಿಯೇ ಆಗಿದೆ.

ಈ ನಾಡಿನ ಇತಿಹಾಸವೂ ದಂಡೆಗುಂಟ ಬೆಳೆದದ್ದು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕೃಷ್ಣಾ-ಮಲಪ್ರಭೆಯರ ಸಂಗಮದ ದೇವರನ್ನೇ ತನ್ನ ವಚನಗಳ ಅಂಕಿತ ಮಾಡಿಕೊಂಡ. ಸಂಗಮದ ಆಚೆ ದಂಡೆಯ ತಂಗಡಗಿ, ಮುದ್ದೇಬಿಹಾಳ ಸೀಮೆಯ ಊರು, ನೀಲಾಂಬಿಕೆಯ ಐಕ್ಯಸ್ಥಳ. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯ ಅದೇ ಶರಣರ ಬಳಗದವನು. ವಿಜಯನಗರದ ಪತನಕ್ಕೆ ಕಾರಣವಾದ 1565ರ ಯುದ್ಧಕ್ಕೆ ಕನ್ನಡಿಗರು ರಕ್ಕಸಗಿ-ತಂಗಡಗಿ ಯುದ್ಧ ಎಂದೇ ಹೆಸರಿಟ್ಟರು. ಕೃಷ್ಣೆಯನ್ನು ಎಲ್ಲಿ ದಾಟುವುದು ಎಂಬುದೇ ಆಗ ಸೇನೆಗಳ ಮುಂದಿದ್ದ ದೊಡ್ಡ ಪ್ರಶ್ನೆ. ಭೀಮೆಯ ಸೀಮೆಯ ‘ಹಲಸಂಗಿ ಗೆಳೆಯರು’ ಎಂಬ ಸಾಹಿತ್ಯ ಬಳಗದವರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೂಡಿಸಿದ ತ್ರಿಪದಿಗಳು ‘ಗರತಿಯ ಹಾಡು’ ಎಂಬ ಪುಸ್ತಕವಾದವು.

ಸಂಕ್ರಾಂತಿಯ ದಿನ ಇಂದಿಗೂ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಳಿಗೆ ಹೋಗುತ್ತಾರೆ. ಎಳ್ಳು-ಅರಿಸಿನ ಹಚ್ಚಿಕೊಂಡು ಮಿಂದು, ಗಂಗವ್ವನಿಗೆ ಪೂಜೆ ಮಾಡಿ, ಮರಳಿನ ಮೇಲೆ ಕೂತು ಸಜ್ಜಿರೊಟ್ಟಿ, ಎಣಗಾಯಿ ಪಲ್ಲೆ, ಮಾದಲಿ ಉಣ್ಣುತ್ತಾರೆ. ಆ ಊಟಕ್ಕೆ ಹರಿಯುವ ನೀರು, ಕೂರಲು ಮರಳು ಎರಡೂ ಬೇಕು.

ಒಡ್ಡು ಮತ್ತು ಹಂಚಿಕೆ

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟೆಗೆ ಅಡಿಗಲ್ಲು ಇಟ್ಟರು. ಅಣೆಕಟ್ಟೆ ನಾಡಿಗೆ ಸಮರ್ಪಣೆಯಾದದ್ದು 2006ರ ಆಗಸ್ಟ್ 21ರಂದು, ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಂದ. ಈಗ 519.6 ಮೀಟರ್ ಮಟ್ಟದಲ್ಲಿ ಅದು ಸುಮಾರು 123 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,831 ಕೋಟಿ ಲೀಟರ್. ಕೆಳಗೆ ನಾರಾಯಣಪುರದ ಬಸವಸಾಗರ ಇದೆ. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯ ಇಂಡಿ ಶಾಖೆ ಕೃಷ್ಣೆಯ ನೀರನ್ನು ಸಿಂದಗಿ, ಇಂಡಿಯ ಹೊಲಗಳಿಗೆ ತಂದಿದೆ. ಬರಗಾಲಕ್ಕೆ ಗುಳೆ ಹೋಗುತ್ತಿದ್ದ ಊರುಗಳಿಗೆ ಇದು ದೊಡ್ಡ ಆಸರೆ. ಈ ಆಸರೆಗಾಗಿ ಬಾಗಲಕೋಟೆ ಪಟ್ಟಣದ ತಗ್ಗಿನ ಓಣಿಗಳೂ ಕೃಷ್ಣೆಯ ದಂಡೆಯ ಅನೇಕ ಹಳ್ಳಿಗಳೂ ಮುಳುಗಿದವು ಎಂಬುದನ್ನು ಮರೆಯುವಂತಿಲ್ಲ.

ಭೀಮೆಯ ಕಥೆ ಬೇರೆ. ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಉಜ್ಜನಿ ಅಣೆಕಟ್ಟೆ ಸುಮಾರು 117 ಟಿಎಂಸಿ ಹಿಡಿಯುತ್ತದೆ. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಮೊದಲ ನ್ಯಾಯಮಂಡಳಿ, ಬಚಾವತ್ ಮಂಡಳಿ, ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕಕ್ಕೆ ಗೊತ್ತುಮಾಡಿದ ಮಿತಿ 15 ಟಿಎಂಸಿ. ದಂಡೆಯುದ್ದಕ್ಕೂ ಸಾಲಾಗಿ ಕಟ್ಟಿದ ಬ್ಯಾರೇಜುಗಳು, ಅಫಜಲಪುರ ತಾಲೂಕಿನ ಸೊನ್ನದ ಬ್ಯಾರೇಜು ಸೇರಿ, ಆ ನೀರನ್ನು ತಡೆದು ನಿಲ್ಲಿಸುತ್ತವೆ. ಬೇಸಿಗೆಯಲ್ಲಿ ಮೇಲಿನಿಂದ ನೀರು ಬಿಡದಿದ್ದರೆ ಪಾತ್ರ ಒಣಗುತ್ತದೆ. ಮಳೆಗಾಲದಲ್ಲಿ ಒಮ್ಮೆಲೇ ಬಿಟ್ಟರೆ ಊರು ಮುಳುಗುತ್ತದೆ. 2020ರ ಅಕ್ಟೋಬರ್ ಮಧ್ಯದಲ್ಲಿ ಲಕ್ಷಗಟ್ಟಲೆ ಕ್ಯುಸೆಕ್ ನೀರು ಹರಿದುಬಂದು ಇಂಡಿ, ಸಿಂದಗಿ, ಅಫಜಲಪುರದ ದಂಡೆಯ ಊರುಗಳ ಜನ ಮನೆಮಾರು ಬಿಟ್ಟು ಏರಿಗೆ ಹೋಗಬೇಕಾಯಿತು. ಒಂದೇ ಊರು, ಒಂದೇ ಹೊಳೆ: ಅಕ್ಟೋಬರಿನಲ್ಲಿ ಮಹಾಪೂರ, ಏಪ್ರಿಲಿನಲ್ಲಿ ವರತಿ.

ಇಡೀ ಕೃಷ್ಣಾ ಕಣಿವೆಯ ಒಟ್ಟು ಲೆಕ್ಕ ಇನ್ನೂ ಗಂಭೀರ. ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ 2007ರ ಅಧ್ಯಯನದಂತೆ, 1901ರಿಂದ 1960ರವರೆಗೆ ಕೃಷ್ಣೆ ವರ್ಷಕ್ಕೆ ಸರಾಸರಿ 57 ಘನ ಕಿ.ಮೀ., ಎಂದರೆ ಸುಮಾರು 2,000 ಟಿಎಂಸಿ, ನೀರನ್ನು ಕಡಲಿಗೆ ಸೇರಿಸುತ್ತಿತ್ತು. 2000ದ ಹೊತ್ತಿಗೆ ಅದು 11 ಘನ ಕಿ.ಮೀ.ಗೆ ಇಳಿಯಿತು. ಬರದ ವರ್ಷಗಳಲ್ಲಿ ಹೆಸರಿಗಷ್ಟೇ ಉಳಿಯಿತು. ಕಡಲಿಗೆ ಹೋದ ನೀರು ವ್ಯರ್ಥ ಎಂಬ ಮಾತು ಎಲ್ಲ ಪಕ್ಷಗಳ ಭಾಷಣದಲ್ಲಿ ಬರುತ್ತದೆ. ಆದರೆ ನದೀಮುಖದ ಕಾಂಡ್ಲಾ ಕಾಡು, ಅಲ್ಲಿ ಮರಿಯಾಗಿ ಬೆಳೆಯುವ ಸಿಗಡಿ-ಮೀನು, ಉಪ್ಪುನೀರು ಒಳನುಗ್ಗದಂತೆ ತಡೆಯುವ ಒತ್ತಡ ಎಲ್ಲವೂ ಆ ನೀರನ್ನೇ ನಂಬಿವೆ.

ಹೊಲಸು, ಮರಳು, ಸವಳು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿ ಭಾಗಗಳನ್ನು ಕಲುಷಿತ ಎಂದು ಗುರುತಿಸಿತು. ಅದರಲ್ಲಿ 17 ಕರ್ನಾಟಕದವು. ಕೃಷ್ಣೆ, ಭೀಮೆ ಎರಡೂ ಆ ಪಟ್ಟಿಯಲ್ಲಿವೆ. ಅಳತೆಗೋಲು ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬ ಲೆಕ್ಕ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ಊರಿನ ಚರಂಡಿ, ಕಾರ್ಖಾನೆಯ ಹೊಲಸು ಹೊಳೆಗೆ ಬಿದ್ದಾಗ ಸೂಕ್ಷ್ಮಜೀವಿಗಳೇ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನು ಬಾಯಿ ತೆರೆದು ಮೇಲೆ ತೇಲುತ್ತವೆ. ಪುಣೆ, ಪಿಂಪ್ರಿ-ಚಿಂಚವಡದ ಹೊಲಸು ಮುಳಾ-ಮುಠಾ ನದಿಯ ಮೂಲಕ ಭೀಮೆಗೆ ಇಳಿಯುತ್ತದೆ. ಕೆಳಗೆ ಗೊಬ್ಬರದ ಸತ್ವ ತೊಳೆದುಬಂದು ನಿಂತ ನೀರಿನಲ್ಲಿ ಅಂತರಗಂಗೆ ಹಬ್ಬುತ್ತದೆ.

ಎರಡನೆಯ ಗಾಯ ಮರಳು ಲೂಟಿ. ರಾತ್ರಿ ಭೀಮೆಯ ಪಾತ್ರಕ್ಕೆ ಇಳಿಯುವ ಟಿಪ್ಪರು, ಟ್ರ್ಯಾಕ್ಟರುಗಳು ದಂಡೆಯ ಜನಕ್ಕೆ ಹೊಸದಲ್ಲ. ಮರಳು ಹೋದ ಕಡೆ ಪಾತ್ರ ಆಳವಾಗಿ, ಅಕ್ಕಪಕ್ಕದ ಬಾವಿಯ ನೀರು ಹೊಳೆಯ ಕಡೆಗೇ ಇಳಿಯುತ್ತದೆ. ದಂಡೆ ಕುಸಿದು ಹೊಲ ಕೊಚ್ಚಿಹೋಗುತ್ತದೆ. ಸೇತುವೆಯ ಬುಡ ಬರಿದಾಗುತ್ತದೆ. ಗುಂಡಿಗಳಲ್ಲಿ ಈಜಲು ಹೋದ ಮಕ್ಕಳು ಸಾಯುತ್ತಾರೆ. 2012ರಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಸಣ್ಣ ಮರಳು ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಕಾನೂನು ಇದೆ; ಕಾವಲು ಸಾಲದು.

ಮೂರನೆಯದು ಹೊಲದೊಳಗಿನ ಕೇಡು. ಎರೆಭೂಮಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಬಸಿಯಗೊಡುವುದಿಲ್ಲ. 600 ಮಿ.ಮೀ. ಮಳೆಯ ಸೀಮೆಯಲ್ಲಿ 1,500ರಿಂದ 2,500 ಮಿ.ಮೀ. ನೀರು ಬೇಡುವ ಕಬ್ಬನ್ನು ಹರಿನೀರಿನಲ್ಲಿ ಬೆಳೆದರೆ ಅಂತರ್ಜಲ ಮೇಲೇರಿ, ತಳದ ಉಪ್ಪು ಮೇಲೆ ಬಂದು ಬಿಳಿ ಪದರವಾಗಿ ನಿಲ್ಲುತ್ತದೆ. ಇದನ್ನೇ ರೈತರು ಸವಳು-ಜವಳು ಎನ್ನುತ್ತಾರೆ. ಹೊಳೆಗೂ ನೀರಿಲ್ಲ, ಹೊಲಕ್ಕೂ ಸುಖವಿಲ್ಲ.

ಕಾಪಾಡುವ ದಾರಿ

ಮೊದಲ ಕೆಲಸ ಹೊಳೆಗೆ ಹೊಳೆಯದೇ ಪಾಲು ಇಡುವುದು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಗಂಗೆಯಲ್ಲಿ ಸದಾ ಹರಿಯಬೇಕಾದ ಕನಿಷ್ಠ ನೀರನ್ನು ಅಧಿಸೂಚನೆಯಿಂದ ಗೊತ್ತುಮಾಡಿತು. ಕೃಷ್ಣೆಯ ಎರಡನೆಯ ನ್ಯಾಯಮಂಡಳಿ, ಬ್ರಿಜೇಶ್ ಕುಮಾರ್ ಮಂಡಳಿ, 2010ರಲ್ಲಿ ಕನಿಷ್ಠ ಹರಿವಿಗೆಂದು ಮೂರು ರಾಜ್ಯಗಳಿಂದ ಒಟ್ಟು 16 ಟಿಎಂಸಿ ತೆಗೆದಿರಿಸಿತು. ಅದರಲ್ಲಿ ಕರ್ನಾಟಕದ ಪಾಲು 7. ತೀರ್ಪಿನ ವ್ಯಾಜ್ಯ ಮುಗಿಯಲಿ ಬಿಡಲಿ, ಈ ಅಂಕಿಯನ್ನು ಕೆಳಗಿಳಿಸದೆ ಮೇಲೇರಿಸುವ ಬೇಡಿಕೆ ಜನರಿಂದಲೇ ಬರಬೇಕು. ಬ್ಯಾರೇಜಿನ ಗೇಟುಗಳನ್ನು ಹೊಸನೀರು ಬರುವ ವಾರಗಳಲ್ಲಿ ತೆರೆದಿಟ್ಟರೆ ಮೀನಿಗೆ ದಾರಿಯಾಗುತ್ತದೆ, ಹೂಳೂ ಮುಂದೆ ಹೋಗುತ್ತದೆ.

ಎರಡನೆಯದು, ಹೊಳೆಯ ಹೊರಗೆ ಮಾಡಬೇಕಾದದ್ದು. ಮಳೆ ಬಿದ್ದ ಕಡೆಯೇ ಬದು, ಕೃಷಿಹೊಂಡ, ಕೆರೆಗಳಲ್ಲಿ ನಿಂತರೆ ಅದು ನೆಲದೊಳಗೆ ಇಳಿದು ಬೇಸಿಗೆಯಲ್ಲಿ ಹೊಳೆಯನ್ನು ಸಾಕುತ್ತದೆ. ಈ ಜಾಣ್ಮೆ ಜಿಲ್ಲೆಗೆ ಹೊಸದಲ್ಲ. ದೊಡ್ಡ ಹೊಳೆಯಿಲ್ಲದ ವಿಜಯಪುರ ನಗರಕ್ಕೆ ಆದಿಲ್‌ಶಾಹಿಗಳು ಸುರಂಗಬಾವಿಗಳಿಂದ, ತಾಜ್ ಬಾವಡಿಯಿಂದ, ಬೇಗಂ ತಾಲಾಬಿನಿಂದ ನೀರುಣಿಸಿದರು. ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರಿನಿಂದ ಕೆರೆ ತುಂಬುವ ಯೋಜನೆ ಬಂದ ಮೇಲೆ ಸುತ್ತಲಿನ ಬತ್ತಿದ ಬಾವಿಗಳಲ್ಲಿ ಮತ್ತೆ ನೀರು ಕಂಡಿದೆ. ಕಬ್ಬಿಗೆ ಹನಿ ನೀರಾವರಿ, ಕಾಲುವೆಯ ಕೆಳಗೆ ಬಸಿಗಾಲುವೆ, ನೀರು ಕಡಿಮೆ ಬೇಡುವ ಬಿಳಿಜೋಳ, ಕಡಲೆ, ತೊಗರಿಗೆ ಒಳ್ಳೆಯ ಬೆಲೆ: ಇವು ಹೊಳೆ ಉಳಿಸುವ ಕ್ರಮಗಳೇ. ಭೌಗೋಳಿಕ ಗುರುತು ಪಡೆದ ಇಂಡಿಯ ನಿಂಬೆ, ಕಡಿಮೆ ನೀರಿನಲ್ಲೂ ಹೆಸರು ಮಾಡಬಹುದು ಎಂಬುದನ್ನು ತೋರಿಸಿಕೊಟ್ಟಿದೆ.

ಮೂರನೆಯದು ದಂಡೆ. ಹೊಳೆಗೆ ತಾಗಿ ಉಳುಮೆ ಮಾಡದೆ ಒಂದು ಪಟ್ಟಿಯನ್ನು ಬಿಟ್ಟು ಹೊಂಗೆ, ನೇರಳೆ, ಅತ್ತಿ, ಹುಲ್ಲು ಬೆಳೆಯಗೊಟ್ಟರೆ ಬೇರು ಮಣ್ಣನ್ನು ಹಿಡಿಯುತ್ತದೆ, ಗೊಬ್ಬರ-ವಿಷ ನೀರಿಗೆ ಇಳಿಯುವುದು ತಗ್ಗುತ್ತದೆ, ನೆರಳಿನ ನೀರು ಮೀನಿಗೆ ತಂಪಾಗಿರುತ್ತದೆ. ಮೊಸಳೆ, ಆಮೆ, ರೀವ ಮೊಟ್ಟೆ ಇಡುವ ದಿನ್ನೆಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಮರಳೆತ್ತುವುದನ್ನು ಪೂರ್ತಿ ನಿಲ್ಲಿಸಬೇಕು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ತಾಣವೆಂದು ಘೋಷಿಸಲಾಯಿತು. ಮೀನುಗಾರರೂ ರೈತರೂ ಇರುವ ಹೊಳೆಯನ್ನೇ ಹೀಗೆ ಕಾಯಬಹುದು ಎಂಬುದಕ್ಕೆ ಅದು ನಮ್ಮ ನಾಡಿನದೇ ಮಾದರಿ. ಪಟ್ಟಣಗಳು ತಮ್ಮ ಚರಂಡಿಯನ್ನು ಶುದ್ಧಮಾಡದೆ ಹಳ್ಳಕ್ಕೆ ಬಿಡಬಾರದು. ಸಂಗಮಗಳಲ್ಲಿ ಮಿಂದವರು ಹಳೆಯ ಬಟ್ಟೆ, ಪ್ಲಾಸ್ಟಿಕ್ ಚೀಲ, ಒಡೆದ ದೇವರ ಫೋಟೊಗಳನ್ನು ಗಂಗವ್ವನ ಉಡಿಗೆ ಹಾಕುವುದನ್ನು ಬಿಡಬೇಕು.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜೀವಸಂಪತ್ತಿನ ಜನತಾ ದಾಖಲಾತಿ ಬರೆಯುವುದು ಅದರ ಕೆಲಸ. ಭೀಮೆ, ಕೃಷ್ಣೆ, ಡೋಣಿಯ ದಂಡೆಯ ಓದುಗರು ಮುಂದಿನ ಗ್ರಾಮಸಭೆಯಲ್ಲಿ ಆ ದಾಖಲಾತಿಯನ್ನು ಕೇಳಿ ತೆಗೆಸಲಿ. ತಮ್ಮೂರ ಹೊಳಿಯಲ್ಲಿ ಯಾವ ಮಡು ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾವ ದಿನ್ನೆಯಲ್ಲಿ ಆಮೆ ಮೊಟ್ಟೆ ಇಡುತ್ತದೆ, ಯಾವ ಮೀನು ಈಗ ಬಲೆಗೆ ಬೀಳುತ್ತಿಲ್ಲ, ವರತಿ ತೋಡಿದರೆ ಎಷ್ಟು ಆಳಕ್ಕೆ ನೀರು ಸಿಗುತ್ತದೆ ಎಂಬುದನ್ನು ಊರಿನ ಅಂಬಿಗರನ್ನೂ ಹಿರಿಯ ಹೆಣ್ಣುಮಕ್ಕಳನ್ನೂ ಕೇಳಿ ಅದರಲ್ಲಿ ಬರೆಸಲಿ.